ಗಿಳಿಹಸಿರು ಸೀರೆಯೂ ಮೂರು ಭಾಷೆಯ ಮಾತೂ

ಆ ವರ್ಷ ಗೌರಿ ಹಬ್ಬದ ಆಚೀಚೆ ನಮ್ಮ ಅಂಗಡಿಗೆ ಬಂದ ಬ್ಲೌಸ್ ಪೀಸುಗಳೆಲ್ಲ ಒಂದೇ ಬಣ್ಣದವು. ಗಿಳಿಹಸಿರು, ಅಂಚಿನಲ್ಲಿ ಅರಿಸಿನ ಬಣ್ಣದ ಒಂದು ಗೆರೆ. ಬೆಳಗ್ಗೆ ಷಟರ್ ಎತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಂಗಸರು ಕೂತಿರುತ್ತಿದ್ದರು. ಎಲ್ಲರ ಕೈಯಲ್ಲೂ ಅದೇ ಕವರು, ಕವರಿನೊಳಗೆ ಅದೇ ಹಸಿರು. ಸಂಜೆ ಕಣ್ಣು ಮುಚ್ಚಿದರೂ ಹಸಿರೇ ಕಾಣಿಸುತ್ತಿತ್ತು. ಯಾವ ತುಂಡು ಯಾರದೆಂದು ಗುರುತು ತಪ್ಪದಿರಲಿ ಎಂದು ಒಂದೊಂದರ ಮೂಲೆಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿಡುವುದೇ ಒಂದು ಕೆಲಸವಾಯಿತು.

ನಾನಿರುವುದು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಬೆಳಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಮುದ್ದೆ ತಿರುವಿಟ್ಟು, ಬಸ್ಸು ಹಿಡಿದು ರಾಬರ್ಟ್‌ಸನ್‌ಪೇಟೆಗೆ ಬಂದರೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಈ ಅಂಗಡಿ. ಅಂಗಡಿ ನನ್ನದಲ್ಲ, ಊರಿಗಾಂನ ಒಬ್ಬ ಅಕ್ಕನದು. ಅವರ ಅಪ್ಪ ಚಿನ್ನದ ಗಣಿಗೆ ಇಳಿದು ದುಡಿದವರು, ಮನೆ ಈಗಲೂ ಅಲ್ಲಿನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲೇ. ಅಕ್ಕನ ಮನೆಮಾತು ತಮಿಳು. ನನ್ನದು ಕನ್ನಡ. ನಮ್ಮ ಅತ್ತೆ ಆಂಧ್ರದ ಕಡೆಯ ಊರಿನಿಂದ ಬಂದವರು, ಹಾಗಾಗಿ ನಮ್ಮ ಮನೆಯೊಳಗೆ ತೆಲುಗೂ ಓಡಾಡಿಕೊಂಡಿರುತ್ತದೆ. ಇದೇನೂ ದೊಡ್ಡ ವಿಷಯವೆಂದು ಹೇಳುತ್ತಿಲ್ಲ. ನಮ್ಮ ಕಡೆ ಒದೆಯುವ ಹಸುವನ್ನು ಬೈಯುವಾಗಲೂ ಮೂರು ಭಾಷೆ ಬಂದುಹೋಗುತ್ತವೆ. ಆದರೆ ಮುಂದೆ ಆದದ್ದೆಲ್ಲ ಈ ಒಂದು ಸಂಗತಿಯನ್ನು ಒಬ್ಬರು ಮರೆತದ್ದರಿಂದ ಆಯಿತು, ಅದಕ್ಕೇ ಮೊದಲೇ ಹೇಳಿಟ್ಟೆ.

ಸೀರೆ ಕೊಟ್ಟವರು ನಮ್ಮ ಕಡೆಯ ಲೀಡರು. ಚುನಾವಣೆ ಇನ್ನೂ ಘೋಷಣೆಯಾಗಿರಲಿಲ್ಲ, ಆಗುತ್ತದೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಗೌರಿ ಹಬ್ಬಕ್ಕೆ ತವರಿನವರು ಮನೆಯ ಹೆಣ್ಣುಮಕ್ಕಳಿಗೆ ಬಾಗಿನ ಕೊಡುತ್ತಾರಲ್ಲ, ಅದನ್ನು ಹಿಡಿದುಕೊಂಡು ಅವರು ‘ಅಣ್ಣನ ಬಾಗಿನ’ ಎಂದು ಹೆಸರಿಟ್ಟು ಊರೂರಿಗೆ ಹೋಗಿ ಹಂಚಿದರು. ಮೊರದ ಬದಲು ಪ್ಲಾಸ್ಟಿಕ್ ಕವರು. ಅದರಲ್ಲಿ ಸೀರೆ, ಅರಿಸಿನ ಕುಂಕುಮ, ಬಳೆ, ಒಂದು ಪುಟ್ಟ ಕನ್ನಡಿ. ಕನ್ನಡಿಯ ಹಿಂದೆ ಅವರ ಫೋಟೊ. ಮುಖ ನೋಡಿಕೊಂಡು ತಿರುಗಿಸಿದರೆ ಅಣ್ಣ ನಗುತ್ತಿದ್ದರು. ಸೀರೆಯ ಬಟ್ಟೆ ಕೆಟ್ಟದ್ದೇನಲ್ಲ. ಹೊಲಿಯುವವಳಾಗಿ ಸುಳ್ಳು ಹೇಳಬಾರದು, ಬಣ್ಣ ಬಿಡಲಿಲ್ಲ.

ನನ್ನ ನಾದಿನಿಯೂ ತನ್ನ ಹಸಿರು ಪೀಸು ಹಿಡಿದು ಬಂದಳು. ಅವಳಿರುವುದು ಬಂಗಾರಪೇಟೆಯಲ್ಲೇ. ಅವಳ ಗಂಡ ಅಲ್ಲಿ ಸಾಮಾನು ಸಾಗಿಸುವ ಆಟೊ ಓಡಿಸುತ್ತಾರೆ. ಮಗಳು ಕಾಲೇಜು, ಮಗ ಹೈಸ್ಕೂಲು. ಅಳತೆಗೆ ಹಳೆಯ ಬ್ಲೌಸ್ ತಂದಿದ್ದೀಯಾ ಎಂದು ಕೇಳಿದರೆ ಇಲ್ಲವೆಂದಳು, ನೀನೇ ಅಳೆದುಕೋ ಎಂದಳು. ಪರದೆಯ ಹಿಂದೆ ಕರೆದು ಟೇಪು ಹಿಡಿದೆ. ಬೆನ್ನು, ತೋಳು ಎಲ್ಲ ಹೋದ ಸಲದಂತೆಯೇ. ಎದೆಯ ಅಳತೆ ಮಾತ್ರ ಮುಂದೆ ಹೋಗಿತ್ತು, ಟೇಪು ತಾಗಿದ್ದಕ್ಕೇ ಅವಳು ಸಣ್ಣಗೆ ಮುಖ ಹಿಂಡಿದಳು. ಇಷ್ಟು ವರ್ಷ ಹೆಂಗಸರ ಮೈ ಅಳೆದವಳಿಗೆ ಅದು ಸಾಕು.

ಹೊಲಿಗೆಯವರು ಬದಿಯ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಟ್ಟಿರುತ್ತೇವೆ. ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು. ಬಸುರಿಯರಿಗಾದರೆ ಜಾಸ್ತಿಯೇ ಬಿಡುತ್ತೇವೆ. ನಾನು ಬೇರೇನೂ ಕೇಳಲಿಲ್ಲ, ಒಳಗೆ ಬಟ್ಟೆ ಎಷ್ಟು ಬಿಡಲಿ ಎಂದಷ್ಟೇ ಕೇಳಿದೆ.

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. “ಏನೂ ಬಿಡ್ಬೇಡ ಅತ್ತಿಗೆ. ಇದನ್ನ ಇಟ್ಕಳಕ್ಕಾಗಲ್ಲ ನಂಗೆ.”

ಪರದೆಯಾಚೆ ಅಕ್ಕನ ಮಷಿನ್ನು ಇದ್ದಕ್ಕಿದ್ದಂತೆ ಜೋರಾಗಿ ಓಡಿತು. ನಮ್ಮ ಮಾತು ಗಿರಾಕಿಗಳಿಗೆ ಕೇಳದಿರಲಿ ಎಂದು ಅವರು ಖಾಲಿ ಮಷಿನ್ನೇ ತುಳಿಯುತ್ತಿದ್ದರು.

ಅವಳ ಎರಡನೆಯ ಹೆರಿಗೆ ನನಗೆ ಚೆನ್ನಾಗಿ ನೆನಪಿದೆ. ಬಿಪಿ ಏರಿ ಫಿಟ್ಸ್ ಬಂದಿತ್ತು. ಆ ಹೊತ್ತಿನಲ್ಲಿ ಅವಳನ್ನೂ ಮಗುವನ್ನೂ ಉಳಿಸಿದ ಡಾಕ್ಟರಮ್ಮ, ಆಗ ಜಿಲ್ಲಾ ಆಸ್ಪತ್ರೆಯಲ್ಲಿದ್ದವರು, ಅಂದೇ ಹೇಳಿದ್ದರು, ಇನ್ನೊಂದು ಬೇಡ ಎಂದು. ಈಗ ನಲವತ್ತರ ಹತ್ತಿರ, ದಿನಾ ಬಿಪಿ ಮಾತ್ರೆ. ಗಂಡಹೆಂಡಿರಿಬ್ಬರೂ ಕೂತು ಮಾತಾಡಿಕೊಂಡಿದ್ದರು, ಡಾಕ್ಟರಮ್ಮನನ್ನೂ ನೋಡಿಬಂದಿದ್ದರು. ಅವರು ಪರೀಕ್ಷೆ ಮಾಡಿ, ಇದನ್ನು ಮುಂದುವರಿಸಿದರೆ ನಿನ್ನ ಜೀವಕ್ಕೆ ಅಪಾಯ, ತೆಗೆಸಲು ಕಾನೂನಿನಲ್ಲಿ ಅವಕಾಶವಿದೆ, ನಿನ್ನ ಒಪ್ಪಿಗೆಯೊಂದೇ ಸಾಕು, ಗುರುವಾರ ಬಾ ಎಂದಿದ್ದರು. ಎಲ್ಲ ತೀರ್ಮಾನವಾಗಿತ್ತು. ನಾನೇನು ಹೇಳುವುದು? ಬ್ಲೌಸಿಗೆ ಅಳತೆ ಬರೆದುಕೊಂಡು ಅವಳಿಗೆ ಟೀ ತರಿಸಿಕೊಟ್ಟೆ.

ಈ ಡಾಕ್ಟರಮ್ಮ ಪೇಟೆಯಾಚೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಗೆ ವಾರಕ್ಕೆರಡು ದಿನ ಬರುತ್ತಿದ್ದರು. ಅಲ್ಲಿ ಕೊನೆಯ ಕೋಣೆಗೆ ‘ಹೆಂಗಸರ ರೂಮು’ ಎಂದೇ ಹೆಸರು. ತಮಾಷೆಯೆಂದರೆ ಆ ರೂಮು ತೆರೆಸಿದ್ದು ಇದೇ ಲೀಡರು. ಹಿಂದಿನ ಚುನಾವಣೆಯ ಮೊದಲು ಬ್ಯಾಂಡ್ ಬಾರಿಸಿ ಡಾಕ್ಟರಮ್ಮನನ್ನು ಕರೆತಂದಿದ್ದರು. ಬ್ಯಾನರಿನಲ್ಲಿ ಅವರ ಮುಖ ಬಾಗಿಲಿನಷ್ಟು, ಡಾಕ್ಟರಮ್ಮನದು ಅಂಚೆ ಚೀಟಿಯಷ್ಟು. ಆಮೇಲೆ ಯಾರೋ ಹಿರಿಯರು ಗೊಣಗಿದಾಗ, ಒಳಗೆ ಏನೇನು ನಡೆಯುತ್ತದೋ ನನಗೇನು ಗೊತ್ತು ಎಂದುಬಿಟ್ಟಿದ್ದರಂತೆ. ನಾವು ಅದನ್ನೆಲ್ಲ ತಲೆಗೆ ಹಾಕಿಕೊಂಡಿರಲಿಲ್ಲ. ರೂಮು ತೆರೆದಿತ್ತು, ಅಷ್ಟು ಸಾಕಿತ್ತು.

ಗುರುವಾರ ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ನಾದಿನಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಗೆಂದು ಕಟ್ಟಿಕೊಂಡ ಬಟ್ಟೆಯ ಚೀಲ ಕೈಯಲ್ಲಿ ಹಾಗೇ ಇತ್ತು. ಹೆಂಗಸರ ರೂಮಿಗೆ ಬೀಗ ಹಾಕಿದ್ದರು. ಲೀಡರು ಯಾವುದೋ ಹಳ್ಳಿಯಲ್ಲಿ ಭಾಷಣ ಮಾಡಿದ್ದಾರೆ, ಅವರು ಆಸ್ಪತ್ರೆ ಸಮಿತಿಯಲ್ಲೂ ಇದ್ದಾರೆ, ಗಲಾಟೆ ತಣ್ಣಗಾಗುವವರೆಗೆ ಈ ಕೆಲಸ ಇಲ್ಲಿ ಬೇಡ ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಹೇಳಿದ್ದರಂತೆ. ಡಾಕ್ಟರಮ್ಮ ಇವಳನ್ನು ವರಾಂಡದಲ್ಲೇ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: ನನ್ನ ಕೈ ಸಿದ್ಧವಿದೆ, ಬೀಗದ ಕೈ ನನ್ನ ಹತ್ತಿರ ಇಲ್ಲ. ತಡಮಾಡುವ ಹಾಗಿಲ್ಲ, ನಿನ್ನ ಬಿಪಿಗಂತೂ ಇಲ್ಲವೇ ಇಲ್ಲ. ಮುಂದಿನ ಗುರುವಾರದೊಳಗೆ ರೂಮು ತೆರೆಯದಿದ್ದರೆ ಬೆಂಗಳೂರಿಗೆ ಹೋಗು, ಅಲ್ಲಿ ನನಗೆ ಗೊತ್ತಿರುವವರಿಗೆ ಹೇಳುತ್ತೇನೆ.

ಅವಳು ಅಳಲಿಲ್ಲ. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದಳು, ಕೋಪವೂ ಹಸಿವೂ ಒಟ್ಟಿಗೆ ಬಂದಿತ್ತು. ನನ್ನ ಡಬ್ಬಿಯ ಮುದ್ದೆಯನ್ನೂ ಹುರುಳಿಕಾಳಿನ ಸಾರನ್ನೂ ಒಂದೇ ಉಸಿರಿಗೆ ಮುಗಿಸಿ, ಬೆರಳು ನೆಕ್ಕುತ್ತ ಹೇಳಿದಳು: “ಬೆಂಗ್ಳೂರ್ಗೆ ಓಗ್ಬೋದು ಅತ್ತಿಗೆ. ಓಗಕ್ಕಾಗಲ್ಲ ಅಂತಲ್ಲ. ಆದ್ರೆ ನಂಗೆ ಅವತ್ತು ಫಿಟ್ಸ್ ಬಂದಾಗ ಆ ಡಾಕ್ಟ್ರಮ್ಮ ನನ್ ಕೈ ಇಡ್ಕೊಂಡಿದ್ರು. ನಂಗೆ ಅದೇ ಕೈ ಬೇಕು.”

ಆ ಹೊತ್ತಿಗೆ ಅಂಗಡಿಯಲ್ಲಿ ಇನ್ನೊಬ್ಬರಿದ್ದರು, ಗಡಿಯ ಹಳ್ಳಿಯೊಂದರಿಂದ ತನ್ನ ಹಸಿರು ಬ್ಲೌಸ್ ತೆಗೆದುಕೊಂಡು ಹೋಗಲು ಬಂದಿದ್ದ ಹೆಂಗಸು. ಹುಕ್ಕು ಹಾಕುವವರೆಗೆ ಸ್ಟೂಲಿನ ಮೇಲೆ ಕಾಯುತ್ತಿದ್ದರು. ಬೀಗದ ಮಾತು ಕಿವಿಗೆ ಬಿದ್ದದ್ದೇ, ಹೌದಮ್ಮ, ಭಾಷಣ ಮಾಡಿದ್ದು ನಮ್ಮೂರಿನಲ್ಲೇ ಎಂದರು. ಅರಳಿಕಟ್ಟೆಯಲ್ಲಿ ಮುದುಕರನ್ನೆಲ್ಲ ಕೂರಿಸಿಕೊಂಡು ಲೀಡರು ತೆಲುಗಿನಲ್ಲಿ, ಅಂಥ ರೂಮು ಮರ್ಯಾದಸ್ಥರ ಊರಿಗೆ ಬೇಡ, ಅಲ್ಲಿ ಹೆಣ್ಣು ಕೂಸುಗಳನ್ನು ತೆಗೆಯುತ್ತಾರೆ, ನಾನೇ ಬೀಗ ಹಾಕಿಸುತ್ತೇನೆ ಎಂದರಂತೆ. ಮುದುಕರು ತಲೆದೂಗಿದರಂತೆ. ಆಮೇಲೆ ಸೀರೆ ಹಂಚಿದರಂತೆ.

ನಾದಿನಿ ತಿರುಗಿಬಿದ್ದಳು. ಗಂಡೋ ಹೆಣ್ಣೋ ನೋಡುವುದು ಅಪರಾಧ, ಆ ಡಾಕ್ಟರಮ್ಮ ಅಂಥದ್ದನ್ನು ಕೇಳಿಕೊಂಡು ಬಂದವರನ್ನು ಬಾಗಿಲಿಂದಲೇ ಓಡಿಸುತ್ತಾರೆ, ನನ್ನದು ಬೇರೆ ವಿಷಯ ಎಂದಳು. ಹಳ್ಳಿಯ ಹೆಂಗಸು, ನನಗೆ ಗೊತ್ತಿಲ್ಲವೇ ತಾಯಿ, ನನ್ನ ಸೊಸೆಯನ್ನು ನೋಡಿದ್ದೂ ಅವರೇ ಎಂದರು.

ಅಕ್ಕ ಮಷಿನ್ನು ನಿಲ್ಲಿಸಿ ಕನ್ನಡಕ ಮೇಲೇರಿಸಿದರು. ನಮ್ಮ ಊರಿಗಾಂನಲ್ಲಿ ಹಾಗೆ ಹೇಳಲೇ ಇಲ್ಲವಲ್ಲ ಎಂದರು. ಅಲ್ಲಿ ಲೀಡರು ತಮಿಳಿನಲ್ಲಿ, ಆಸ್ಪತ್ರೆಯೊಳಗಿನ ವಿಷಯ ಡಾಕ್ಟರಿಗೆ ಬಿಟ್ಟದ್ದು, ಅದರಲ್ಲಿ ನಾನು ಬಾಯಿ ಹಾಕುವವನೇ ಅಲ್ಲ ಎಂದಿದ್ದರು. ನಾದಿನಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಬಂಗಾರಪೇಟೆಯಲ್ಲಿ ಕಾಲೇಜು ಹುಡುಗಿಯರ ಮುಂದೆ ಕನ್ನಡದಲ್ಲಿ ಅವರು ಹೇಳಿದ್ದು, ಹೆಣ್ಣಿನ ದೇಹ ಹೆಣ್ಣಿನ ಹಕ್ಕು, ಆ ರೂಮು ತಂದವನೇ ನಾನು ಎಂದು. ಇವಳೇ ಮಗಳ ಜೊತೆ ನಿಂತು ಜೋರಾಗಿ ಚಪ್ಪಾಳೆ ಹೊಡೆದು ಬಂದಿದ್ದಳು.

ಮೂವರೂ ಮೂರು ಕಡೆ ಸೀರೆ ಇಸಿದುಕೊಂಡವರು. ಮೇಜಿನ ಮೇಲೆ ಮೂರು ಹಸಿರು ಬ್ಲೌಸು ಒಂದರ ಪಕ್ಕ ಒಂದು ಬಿದ್ದಿದ್ದವು. “ಸೀರೆ ಒಂದೇ ಮ್ಮಾ,” ಎಂದರು ಅಕ್ಕ, “ಮಾತು ಮಾತ್ರ ಊರಿಗೊಂದು ನೆಯ್ಸವ್ರೆ.” ಮೊದಲು ನಕ್ಕದ್ದು ನಾದಿನಿ. ಬೆಳಗಿನಿಂದ ಬಿಗಿಹಿಡಿದಿದ್ದದ್ದೆಲ್ಲ ನಗುವಾಗಿ ಹೊರಗೆ ಬಂತು. ಹಳ್ಳಿಯ ಹೆಂಗಸು ಸ್ಟೂಲಿನಿಂದ ಜಾರಿದರು. ಪಕ್ಕದ ಪಾತ್ರೆ ಅಂಗಡಿಯವರು ಇಣುಕಿ ನೋಡಿ, ಏನೋ ಹೆಂಗಸರ ವಿಷಯ ಎಂದುಕೊಂಡು ಹೋದರು.

ಲೀಡರು ಎಣಿಸಿದ್ದಿಷ್ಟೇ: ತಮಿಳಿನಲ್ಲಿ ಹೇಳಿದ್ದು ಊರಿಗಾಂನಲ್ಲೇ ಇರುತ್ತದೆ, ತೆಲುಗಿನಲ್ಲಿ ಹೇಳಿದ್ದು ಅರಳಿಕಟ್ಟೆ ಇಳಿಯುವುದಿಲ್ಲ, ಕನ್ನಡದ್ದು ಬಂಗಾರಪೇಟೆ ದಾಟುವುದಿಲ್ಲ. ಹೊರಗಿನಿಂದ ಬಂದವರು ಹಾಗೆ ಎಣಿಸಿದರೆ ಸರಿ. ಇಲ್ಲೇ ಹುಟ್ಟಿ, ಮೂರೂ ಭಾಷೆಯಲ್ಲಿ ಸಲೀಸಾಗಿ ಭಾಷಣ ಬಿಗಿಯುವ ಮನುಷ್ಯ, ಮೂರೂ ಭಾಷೆ ತನಗೊಬ್ಬನಿಗೇ ಬರುತ್ತದೆಂದು ಅದು ಹೇಗೆ ತಿಳಿದರೋ. ನಮ್ಮ ಕಡೆ ಮಾತು ಬಸ್ಸು ಹತ್ತಿಕೊಂಡೇ ಬರುತ್ತದೆ.

ಮಾರನೆಯ ದಿನವೇ ಆಟೊದಲ್ಲಿ ಮೈಕು ಕಟ್ಟಿಕೊಂಡು ಕೂಗಿಹೋದರು. ಸೋಮವಾರ ರಾಬರ್ಟ್‌ಸನ್‌ಪೇಟೆಯ ಕಲ್ಯಾಣ ಮಂಟಪದಲ್ಲಿ ಮಹಿಳಾ ಸಮಾವೇಶ, ಎಲ್ಲ ಊರಿನವರಿಗೂ ಗಾಡಿ ವ್ಯವಸ್ಥೆ, ಊಟದ ವ್ಯವಸ್ಥೆ, ಅಕ್ಕತಂಗಿಯರೆಲ್ಲ ಅಣ್ಣ ಕೊಟ್ಟ ಸೀರೆಯಲ್ಲೇ ಬರಬೇಕು. ನಮಗೆ ಕೆಲಸ ಇಮ್ಮಡಿಯಾಯಿತು. ಬ್ಲೌಸ್ ಇಲ್ಲದೆ ಸೀರೆ ಉಡುವುದು ಹೇಗೆ? ಅಂಗಡಿಗೆ ಬಂದವರನ್ನೆಲ್ಲ ಅಕ್ಕ ಬಾಬಿನ್ನಿಗೆ ದಾರ ಸುತ್ತುತ್ತಲೇ, ನಿಮ್ಮೂರಲ್ಲಿ ಅಣ್ಣ ಏನು ಹೇಳಿದರು ಎಂದು ಕೇಳುತ್ತಿದ್ದರು. ಹೇಳಿದವರು ಇನ್ನೊಬ್ಬರದ್ದನ್ನು ಕೇಳಿಸಿಕೊಂಡು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಹೋಗುತ್ತಿದ್ದರು. ಹೀಗೆ ಮಾಡೋಣ ಹಾಗೆ ಮಾಡೋಣ ಎಂದು ನಾವು ಯಾರೂ ಕೂತು ಯೋಚಿಸಿದ್ದಿಲ್ಲ. ನಾದಿನಿ ಮಾತ್ರ, ನಾನು ಎದ್ದು ನಿಂತು ಕೇಳುತ್ತೇನೆ ಎಂದಳು.

ಮನೆಯಲ್ಲಿ ಅತ್ತೆಗೆ ಹೇಳಬೇಕಾಗಿತ್ತು. ಎಪ್ಪತ್ತು ದಾಟಿದವರು, ಮಗಳ ಹೊಟ್ಟೆಯ ವಿಷಯ, ಏನೆನ್ನುತ್ತಾರೋ ಎಂದು ನನಗೇ ಅಳುಕು. ಹಸುವಿಗೆ ಬೂಸ ಕಲಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು, ಕಲಸುವುದು ನಿಲ್ಲಿಸಲಿಲ್ಲ. “ನನ್ ಕಾಲ್ದಾಗೆ ನಂಗೆ ಬೇಕಾ ಬೇಡ್ವಾ ಅಂತ ಯಾರೂ ಕೇಳ್ಲಿಲ್ಲ,” ಎಂದರು ಕೊನೆಗೆ. “ಅವ್ಳನ್ನಾದ್ರೂ ಕೇಳವ್ರೆ, ಅದೇ ಸಂತೋಷ.” ಆಮೇಲೆ ಕೈ ತೊಳೆದುಕೊಂಡು, ನನಗೂ ಒಂದು ಹಸಿರು ಸೀರೆ ಹೊಂದಿಸಿಕೊಡು, ನಾನೂ ಬರುತ್ತೇನೆ ಎಂದರು.

ನಾದಿನಿಯ ಬ್ಲೌಸ್ ಮಾತ್ರ ಸೋಮವಾರದವರೆಗೂ ಪೂರ್ತಿ ಮುಗಿಯಲಿಲ್ಲ. ತೋಳು ಕೂಡಿಸಿ, ಹುಕ್ಕು ಹಾಕಿ, ಬದಿಗೆ ಕಚ್ಚಾ ಹೊಲಿಗೆ ಹಾಕಿ ಕೊಟ್ಟೆ. ಮೈ ಅಳತೆ ಇನ್ನು ಕೆಲವು ದಿನಕ್ಕೆ ಇಳಿಯಬೇಕು, ಆಗ ಗಟ್ಟಿ ಹೊಲಿಗೆ ಹಾಕೋಣ ಎಂದು ನನ್ನ ಲೆಕ್ಕ. ಕೈ ಜಾಸ್ತಿ ಎತ್ತಬೇಡ, ಬಿಟ್ಟುಕೊಂಡೀತು ಎಂದು ಹೇಳಿ ಕಳಿಸಿದೆ.

ಕಲ್ಯಾಣ ಮಂಟಪದೊಳಗೆ ಕಾಲಿಟ್ಟಾಗ ನನಗೇ ತಲೆ ತಿರುಗಿದಂತಾಯಿತು. ಗಿಳಿಗಳ ಹಿಂಡು ಬಂದು ಕೂತ ಹಾಗಿತ್ತು. ಯಾರ ಬೆನ್ನು ನೋಡಿದರೂ ನಾವು ಹೊಲಿದದ್ದೇ. ಒಬ್ಬರ ಕತ್ತಿನ ಹಿಂದೆ ಗುರುತಿನ ಕೆಂಪು ದಾರ ಹಾಗೇ ಉಳಿದಿತ್ತು, ಅಕ್ಕ ಹೋಗಿ ಹಲ್ಲಿನಲ್ಲಿ ಕಡಿದು ತೆಗೆದರು. ಊರಿಗಾಂನವರು, ಬಂಗಾರಪೇಟೆಯವರು, ಗಡಿ ಹಳ್ಳಿಯವರು, ಎಲ್ಲ ಬೆರೆತು ಕೂತಿದ್ದರು. ಆಸ್ಪತ್ರೆಯ ದೊಡ್ಡ ಡಾಕ್ಟರೂ ಮುಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದರು.

ಲೀಡರು ವೇದಿಕೆಗೆ ಬಂದು ಕೈ ಮುಗಿದರು. ತಾವು ಕೊಟ್ಟ ಸೀರೆ ಇಷ್ಟೊಂದು ಮೈಮೇಲೆ ಕಂಡು ಅವರ ಮುಖ ಅರಳಿತು. ಬಾಯಿ ತೆರೆದರು. ಹಾಗೇ ನಿಂತರು. ಅಷ್ಟು ದಿನ ಎದುರಿಗಿರುವವರ ಉಡುಗೆ, ಮುಡಿದ ಹೂವು, ಕೂತ ರೀತಿ ನೋಡಿಯೇ ಯಾವ ಭಾಷೆ ಎಂದು ಆರಿಸಿಕೊಳ್ಳುತ್ತಿದ್ದವರು. ಈಗ ಎಲ್ಲಿ ನೋಡಿದರೂ ಒಂದೇ ಹಸಿರು. ಪಕ್ಕದಲ್ಲಿದ್ದವನ ಕಿವಿಯಲ್ಲಿ ಏನೋ ಕೇಳಿದರು, ಅವನು ನಮ್ಮನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. ಸರಿ, ಮೊದಲು ಕನ್ನಡದಲ್ಲಿ ಅಕ್ಕತಂಗಿಯರೇ ಎಂದರು, ಆಮೇಲೆ ಅದನ್ನೇ ತೆಲುಗಿನಲ್ಲಿ ಎಂದರು, ಆಮೇಲೆ ತಮಿಳಿನಲ್ಲಿ. ಮೂರು ಸಲವೂ ಇಡೀ ಮಂಟಪ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲೇ ಅವರಿಗೆ ತಿಳಿಯಬೇಕಾಗಿತ್ತು.

ರಸ್ತೆ, ನೀರು, ಬೀದಿದೀಪ ಎಲ್ಲ ಆಯಿತು. ಅಕ್ಕತಂಗಿಯರು ಏನಾದರೂ ಕೇಳುವುದಿದ್ದರೆ ಸಂಕೋಚ ಬೇಡ ಎಂದರು. ಪಕ್ಕದಲ್ಲಿ ನಾದಿನಿ ಎದ್ದಳು. ಮೈಕು ತರುವವನು ದೂರದಲ್ಲಿದ್ದ, ಅವಳು ಕಾಯಲಿಲ್ಲ. ನನ್ನ ಕಣ್ಣು ಅವಳ ಬದಿಯ ಕಚ್ಚಾ ಹೊಲಿಗೆಯ ಮೇಲೆಯೇ.

“ಅಣ್ಣಾ, ನೀವು ಬಾಗಿನ ಕೊಟ್ಟಿದ್ದೀರ. ಬಾಗಿನ ಕೊಟ್ಟೋರ್ನ ಕೇಳ್ದೆ ಇನ್ಯಾರ್ನ ಕೇಳ್ಲಿ? ನಂಗೆ ಬಿಪಿ ಐತೆ, ಈ ಬಸಿರು ಉಳ್ಕೊಂಡ್ರೆ ನನ್ ಜೀವಕ್ಕೇ ಕಷ್ಟ ಅಂತ ಡಾಕ್ಟ್ರಮ್ಮ ಏಳವ್ರೆ. ತೆಗೆಸ್ಕೊಳ್ಳಾಕೆ ಕಾನೂನು ಬಿಡ್ತದೆ. ನೀವು ಏಳಿದ್ದಕ್ಕೆ ರೂಮಿಗೆ ಬೀಗ ಆಕವ್ರೆ. ನಾಳೆ ತೆಗೀತಾರಾ, ಇಲ್ವಾ? ಅಷ್ಟೇ ಏಳಿ.”

ಇಂಥದ್ದನ್ನು ಪರದೆಯ ಹಿಂದೆ ಪಿಸುಗುಟ್ಟುವುದು ಕೇಳಿದ್ದೆ, ಅಷ್ಟು ಜನರ ಮುಂದೆ ಒಬ್ಬಳು ತನ್ನದೇ ಮಾತಾಗಿ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಲೀಡರು ಟವೆಲ್ಲಿನಿಂದ ಹಣೆ ಒರೆಸಿಕೊಂಡರು. ಆಮೇಲೆ ಕನ್ನಡದಲ್ಲಿ, ಆ ರೂಮು ತಂದವನೇ ನಾನಮ್ಮ, ಕಾನೂನು ಏನು ಹೇಳುತ್ತದೋ ಡಾಕ್ಟರು ಏನು ಹೇಳುತ್ತಾರೋ ಹಾಗೇ ನಡೆಯಲಿ, ಬೀಗ ನಾಳೆಯೇ ತೆಗೆಸುತ್ತೇನೆ ಎಂದರು. ಒಳ್ಳೆಯ ಮಾತು, ಚೆನ್ನಾಗಿಯೇ ಹೇಳಿದರು. ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ನಿಂತ ಮೇಲೆ ಅತ್ತೆ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಎದ್ದರು. “ನಾಯ್ನಾ, ನಾಕು ಕನ್ನಡಂ ರಾದು. ತೆಲುಗುಲೋ ಚೆಪ್ಪು.” ತನಗೆ ಕನ್ನಡ ಬರುವುದಿಲ್ಲವಂತೆ, ತೆಲುಗಿನಲ್ಲಿ ಹೇಳಬೇಕಂತೆ. ದಿನಾ ಸಂಜೆ ಡೇರಿಯ ಸೆಕ್ರೆಟರಿಯನ್ನು, ಹಾಲು ನೀರಾಗಿದೆ ಎಂದು ಡಿಗ್ರಿ ಕಡಿಮೆ ಬರೆದನೆಂದು ಅಚ್ಚ ಕನ್ನಡದಲ್ಲಿ ಬೈಯುವವರು ಇವರೇ. ನಾನು ತಲೆ ತಗ್ಗಿಸಿ ಸೆರಗು ಬಾಯಿಗಿಟ್ಟುಕೊಂಡೆ.

ಮುದುಕಿಯನ್ನು, ಆ ತೆಲುಗನ್ನು ಕಂಡದ್ದೇ ಲೀಡರಿಗೆ ಅರಳಿಕಟ್ಟೆ ನೆನಪಾಯಿತೋ ಏನೋ. ಹಳೆಯ ಅಭ್ಯಾಸ, ಅವರ ದನಿಯೇ ಬದಲಾಯಿತು. ತೆಲುಗಿನಲ್ಲಿ, ಹಿರಿಯರ ಮನಸ್ಸು ನೋಯಿಸುವ ಕೆಲಸ ನಾನು ಮಾಡುತ್ತೇನೆಯೇ ಅಮ್ಮ, ಬೀಗದ ವಿಷಯ ಚುನಾವಣೆ ಆದ ಮೇಲೆ ಎಲ್ಲರೂ ಕೂತು ನೋಡೋಣ ಎನ್ನುತ್ತಿದ್ದ ಹಾಗೆಯೇ ಇಡೀ ಮಂಟಪ ಗೊಳ್ಳೆಂದಿತು. ತೆಲುಗಿನವರು ನಕ್ಕರು. ತಮಿಳಿನವರು ನಕ್ಕರು. ಬಂಗಾರಪೇಟೆಯ ಕಾಲೇಜು ಹುಡುಗಿಯರು ಒಬ್ಬರ ಭುಜಕ್ಕೊಬ್ಬರು ಹಣೆ ಚಚ್ಚಿಕೊಂಡರು. ಮೂಲೆಯಲ್ಲಿ ಪಾಯಸ ಬಡಿಸಲು ಬಕೆಟ್ಟು ಹಿಡಿದು ನಿಂತಿದ್ದವರೂ ನಕ್ಕರು.

ಲೀಡರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎಲ್ಲ ಕಡೆಯೂ ಹಸಿರೇ, ಎಲ್ಲ ಕಡೆಯೂ ನಗುವೇ. ಅವರ ಮುಖದಲ್ಲಿ ವಿಷಯ ನಿಧಾನಕ್ಕೆ ಇಳಿಯುತ್ತಿದ್ದದ್ದು ನಾವು ಕೂತಲ್ಲಿಂದಲೇ ಕಾಣುತ್ತಿತ್ತು. ಕೋಪ ಮಾಡಿಕೊಳ್ಳಬಹುದಾಗಿತ್ತು. ಮನುಷ್ಯ ಅಷ್ಟು ಕೆಟ್ಟವರಲ್ಲ. ಹಣೆ ಚಚ್ಚಿಕೊಂಡು ತಾವೂ ನಕ್ಕರು. “ಎಲ್ರಿಗೂ ಒಂದೇ ಬಣ್ಣದ ಸೀರೆ ತಂದಿದ್ದೇ ತಪ್ಪಾಯ್ತು ಕಣಮ್ಮಾ,” ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ಮಗಳಿಗೆ ಏನು ಹೇಳಿದ್ದರೋ ಅದನ್ನೇ ತೆಲುಗಿನಲ್ಲಿ, ಒಂದು ಮಾತೂ ಆಚೀಚೆ ಮಾಡದೆ ಹೇಳಿದರು. ಅತ್ತೆ ಕೂತರು. ಅಕ್ಕ ಎದ್ದರು. ಅವರು ಬಾಯಿ ತೆರೆಯುವ ಮೊದಲೇ ಲೀಡರು ಕೈ ಎತ್ತಿ, ಸೊಲ್ಲುರೇನ್ ಅಕ್ಕಾ ಸೊಲ್ಲುರೇನ್, ಹೇಳುತ್ತೇನೆ ಎಂದು ತಮಿಳಿನಲ್ಲೂ ಹೇಳಿ ಮುಗಿಸಿದರು. ಕಾಲೇಜು ಹುಡುಗಿಯರು ಮೂರನ್ನೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರು. ಲೀಡರು ಮುಂದಿನ ಸಾಲಿನ ದೊಡ್ಡ ಡಾಕ್ಟರನ್ನು ವೇದಿಕೆಯಿಂದಲೇ ಕೂಗಿ, ಕೇಳಿಸಿತಾ ಎಂದರು. ಅವರು ಎದ್ದು ನಿಂತು ತಲೆಯಾಡಿಸಿದರು. ನನಗೆ ಕಂಡಂತೆ ಆ ಮಂಟಪದಲ್ಲಿ ಎಲ್ಲರಿಗಿಂತ ಹಗುರಾದವರು ಅವರೇ.

ನಾದಿನಿ ಕೂರುವಾಗ ನೋಡಿದೆ, ಒಂದು ಬದಿಯ ಕಚ್ಚಾ ಹೊಲಿಗೆ ಪೂರ್ತಿ ಬಿಟ್ಟುಕೊಂಡಿತ್ತು. ಸೆರಗು ಹೊದ್ದುಕೊಂಡೇ ಪಾಯಸ ಕುಡಿದಳು.

ಗುರುವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ಹೆಂಗಸರ ರೂಮಿನ ಬಾಗಿಲು ತೆರೆದಿತ್ತು, ಬೀಗ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು. ಡಾಕ್ಟರಮ್ಮ ಬಂದು ನಾದಿನಿಯ ಕೈ ಹಿಡಿದುಕೊಂಡೇ ಒಳಗೆ ಕರೆದುಕೊಂಡು ಹೋದರು. ಅತ್ತೆಯೂ ನಾನೂ ವರಾಂಡದ ಬೆಂಚಿನ ಮೇಲೆ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೂತೆವು. ಅತ್ತೆ ಸುಲಿದದ್ದನ್ನು ತಿನ್ನದೆ ಸೆರಗಿನಲ್ಲಿ ಕೂಡಿಡುತ್ತಿದ್ದರು. ನಾದಿನಿಯ ಗಂಡ ಗೇಟಿನ ತನಕ ಹೋಗುವುದು, ಬರುವುದು. ನನಗೂ ಒಳಗೊಳಗೇ ದಿಗಿಲು ಇಲ್ಲದೇ ಇರಲಿಲ್ಲ. ಅವಳ ಬಿಪಿ ನಂಬುವ ಹಾಗಿರಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು ಎಲ್ಲ ಚೆನ್ನಾಗಾಯಿತು, ಬಿಪಿಯೂ ಏರಲಿಲ್ಲ ಎಂದಾಗ ಅತ್ತೆ ಸೆರಗಿನಲ್ಲಿದ್ದ ಕಡಲೆಕಾಯಿಯನ್ನೆಲ್ಲ ಅವರ ಕೋಟಿನ ಜೇಬಿಗೆ ಸುರಿದರು. ನಾವು ಒಳಗೆ ಹೋದಾಗ ನಾದಿನಿ ಕಣ್ಣು ಬಿಟ್ಟಳು. ಹಸಿವಾಗುತ್ತಿದೆ ಎಂದಳು. ಸುಲಿದಿಟ್ಟ ಕಾಯಿಯೆಲ್ಲ ಡಾಕ್ಟರಮ್ಮನ ಜೇಬಿನಲ್ಲಿತ್ತು.

ಹೊರಡುವ ಮೊದಲು ಅವಳ ಗಂಡ ಡಾಕ್ಟರಮ್ಮನ ಹತ್ತಿರ ನಿಂತು ಏನೋ ಕೇಳುತ್ತಿದ್ದರು. ಮತ್ತೆ ಹೀಗಾಗದ ಹಾಗೆ ಇವಳನ್ನೇ ಯಾಕೆ ಕೊಯ್ಯಬೇಕು, ನಾನೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದರಂತೆ. ನಮ್ಮ ಕಡೆ ಗಂಡಸರು ಆ ಮಾತೆತ್ತುವುದೇ ಇಲ್ಲ. ಮಾಡಿಸಿಕೊಂಡೂ ಬಂದರು. ಅತ್ತೆ ಅಳಿಯನಿಗೆ ಬಾಣಂತಿಗೆ ಮಾಡುವ ಹಾಗೆ ನಾಟಿಕೋಳಿ ಸಾರು ಮಾಡಿ ಹಾಕಿದರು. ಆಟೊ ಸ್ಟ್ಯಾಂಡಿನವರು ಸುಮ್ಮನಿರುತ್ತಾರೆಯೇ, ಏನಣ್ಣೋ ಇನ್ಮೇಲೆ ಲೋಡ್ ಎತ್ತಕ್ಕಾಗ್ತದಾ ಎಂದು ರೇಗಿಸಿದರಂತೆ. “ಬನ್ರಲಾ, ನಿಮ್ಮುನ್ನೂ ಎತ್ತಿ ಗಾಡಿಗಾಕ್ತೀನಿ,” ಎಂದರಂತೆ ಇವರು. ಅದನ್ನು ಹೇಳಿ ಹೇಳಿ ನಾದಿನಿ ನಗುತ್ತಿದ್ದಳು.

ಸ್ವಲ್ಪ ದಿನಕ್ಕೆ ಆಸ್ಪತ್ರೆಯ ಗೇಟಿನ ಬಳಿ ದೊಡ್ಡ ಫ್ಲೆಕ್ಸು ಬಂತು. ಮಹಿಳೆಯರ ಆರೋಗ್ಯವೇ ನನ್ನ ಉಸಿರು ಎಂದು, ಮೂರೂ ಭಾಷೆಯಲ್ಲಿ, ಒಂದರ ಕೆಳಗೊಂದು. ಮೂರರಲ್ಲೂ ಒಂದೇ ಇದೆಯಾ ಎಂದು ಅಕ್ಕ ನಿಂತು ಓದಿ ನೋಡಿ ಬಂದರು. ಒಂದೇ ಇತ್ತಂತೆ. ಚುನಾವಣೆ ಆಯಿತು, ಹೋಯಿತು. ಲೀಡರು ಈಗ ಬೇರೆ ಪಕ್ಷದಲ್ಲಿದ್ದಾರೆ, ದೂರದ ವೇದಿಕೆಗಳಲ್ಲಿ ಈ ವಿಷಯದ ಬಗ್ಗೆ ಬೇರೆ ಧಾಟಿಯಲ್ಲಿ ಮಾತಾಡುತ್ತಾರೆಂದು ಕೇಳಿದ್ದೇನೆ. ಇನ್ನೊಂದು ಗಾಳಿ ಬೀಸಿದರೆ ಇನ್ನೊಂದು ಧಾಟಿ ಬಂದೀತು. ನಮ್ಮ ಕಡೆ ಬಂದಾಗ ಮಾತ್ರ ಮೈಕು ಹಿಡಿಯುವ ಮೊದಲು, ಹೋದ ಊರಿನಲ್ಲಿ ನಾನು ಏನು ಹೇಳಿದ್ದೆ ಎಂದು ಪಕ್ಕದವನನ್ನು ಕೇಳುತ್ತಾರಂತೆ. ಹೆಂಗಸರ ರೂಮು ವಾರಕ್ಕೆರಡು ದಿನ ತೆರೆದೇ ಇದೆ. ಫ್ಲೆಕ್ಸು ಮಳೆಗೆ ಕಟ್ಟು ಬಿಚ್ಚಿಕೊಂಡಾಗ ನಾದಿನಿಯ ಗಂಡ ಆಟೊದಲ್ಲಿ ಹಾಕಿಕೊಂಡು ತಂದುಕೊಟ್ಟರು. ನಮ್ಮ ಹುಲ್ಲಿನ ಬಣವೆಯ ಮೇಲೆ ಹೊದಿಸಿದ್ದೇವೆ. ಒಂದು ತೊಟ್ಟು ನೀರು ಇಳಿಯುವುದಿಲ್ಲ.

ಬ್ಲೌಸಿನ ವಿಷಯ ಉಳಿಯಿತಲ್ಲ. ಆ ವರ್ಷದ ದೀಪಾವಳಿಗೆ ಮೊದಲು ನಾದಿನಿ ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದಳು. ಒಂದು ಬದಿಯ ದಾರ ಇನ್ನೂ ಹಾಗೇ ನೇತಾಡುತ್ತಿತ್ತು. ಪರದೆಯ ಹಿಂದೆ ಕರೆದು ಅಳೆದೆ. ಮೈ ಮೊದಲಿನ ಅಳತೆಗೆ ಬಂದಿತ್ತು, ಮುಖ ಮಾತ್ರ ಮೊದಲಿಗಿಂತ ತುಂಬಿಕೊಂಡಿತ್ತು. ಕಚ್ಚಾ ಹೊಲಿಗೆ ಕಿತ್ತು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ, ಏನೂ ಬಿಡದೆ ಹೊಲಿದುಬಿಡಲಾ ಎಂದು ಕೇಳಿದೆ.

“ಬಿಡು ಅತ್ತಿಗೆ, ಎರಡೂ ಕಡೆ ಚೆನ್ನಾಗಿ ಬಿಡು,” ಎಂದಳು. “ಇನ್ಮೇಲೆ ನಾನು ಒಟ್ಟೆ ತುಂಬ ತಿಂತೀನಿ.”

ಅಕ್ಕ ಆಚೆಯಿಂದ ಮಷಿನ್ನು ನಿಲ್ಲಿಸಿ ನಕ್ಕರು. ನಾನು ಎರಡೂ ಬದಿಗೆ ಒಂದೊಂದು ಬೆರಳು ಬಟ್ಟೆ ಒಳಗೆ ಬಿಟ್ಟು ಗಟ್ಟಿ ಹೊಲಿಗೆ ಹಾಕಿಕೊಟ್ಟೆ.